ಗಂಡನಿದ್ದನೋ ಇಲ್ಲವೋ

ಜೆಸಿಂತಾ ಟೀಚರ್ ವಾರವಾರವೂ ಬೈಯುತ್ತಿದ್ದದ್ದು ಒಬ್ಬ ಹೆಂಗಸನ್ನು. ಆಕೆ ಸತ್ತು ನೂರು ವರ್ಷದ ಮೇಲಾಗಿತ್ತು. "ಪುನಃ ಸುಳ್ಳು ಹೇಳಿದ್ದಾಳೆ ಮಾರಾಯ್ರೆ" ಎಂದು ಕನ್ನಡಕ ತೆಗೆದು ಪುಸ್ತಕದ ಮೇಲೆ ಕುಕ್ಕುತ್ತಿದ್ದರು.

ಮಂಗಳೂರಿನ ಟೀಚರ್ ಬಹರೈನಿನ ಶಾಲೆಯೊಂದರಲ್ಲಿ ಫ್ರೆಂಚ್ ಕಲಿಸುತ್ತಿದ್ದರು. ಹತ್ತೊಂಬತ್ತನೆಯ ಶತಮಾನದ ಫ್ರೆಂಚ್ ಪ್ರವಾಸಿಯೊಬ್ಬಳ ಜೀವನಚರಿತ್ರೆಯನ್ನು ಕನ್ನಡದಲ್ಲಿ ಬರೆಯಲೇಬೇಕೆಂಬ ಹಟ ಅವರದು. ದಾವಣಗೆರೆಯ ನಾನು, ಡಿಪ್ಲೊಮ್ಯಾಟಿಕ್ ಏರಿಯಾದ ಬ್ಯಾಂಕ್ ನೌಕರ, ಶುಕ್ರವಾರಗಳಂದು ಉಮ್ ಅಲ್ ಹಸ್ಸಮ್‌ನ ಅವರ ಫ್ಲ್ಯಾಟಿಗೆ ಹೋಗಿ, ಅವರು ಹೇಳಿದ್ದನ್ನು ಟೈಪ್ ಮಾಡುತ್ತಿದ್ದೆ. ಒಂದು ವರ್ಷದ ಕೆಲಸವೆಂದು ಒಪ್ಪಿಕೊಂಡದ್ದು ಆರು ವರ್ಷ ಎಳೆಯಿತು.

ತೊಡಕು ಇಷ್ಟೇ. ಆ ಪ್ರವಾಸಿ ಯೌವನದಲ್ಲಿ ಬರೆದ ಪ್ರವಾಸಕಥನದಲ್ಲಿ ಒಬ್ಬಳೇ ಮರುಭೂಮಿ ದಾಟಿದ್ದಳು. ಮುಪ್ಪಿನಲ್ಲಿ ಬರೆದ ನೆನಪುಗಳಲ್ಲಿ, ಅದೇ ಮರುಭೂಮಿಯಲ್ಲಿ, ಗಂಡ ಪಕ್ಕದಲ್ಲೇ ಇದ್ದ. ಟೀಚರ್ ಒಂದು ವಾರ ಗಂಡನನ್ನು ಸೇರಿಸುತ್ತಿದ್ದರು, ಮುಂದಿನ ವಾರ ತೆಗೆಯುತ್ತಿದ್ದರು. ನಾನು ಟೈಪ್ ಮಾಡಿದ್ದೇ ಮಾಡಿದ್ದು, ಅಳಿಸಿದ್ದೇ ಅಳಿಸಿದ್ದು. "ಅಡಿಟಿಪ್ಪಣಿ ಹಾಕಿಬಿಡೋಣ್ರಿ ಟೀಚರ್" ಅಂದರೆ, "ಕಟ್ಟಿಕೊಂಡ ಗಂಡನನ್ನು ಅಡಿಟಿಪ್ಪಣಿಯಲ್ಲಿ ಕೂರಿಸುದಾ?" ಎಂದು ಗದರುತ್ತಿದ್ದರು.

ಒಂದು ಜುಲೈಯಲ್ಲಿ, ಒಂಟಿ ಹೆಂಗಸಿಗೆ ಅಂಥ ಬಿಸಿಲಲ್ಲಿ ನಡೆಯಲಾಗುತ್ತದೆಯೇ ಎಂದು ಪರೀಕ್ಷಿಸಲು ಮಟಮಟ ಮಧ್ಯಾಹ್ನ ಟುಬ್ಲಿಯ ಕಡೆ ಹೊರಟುಬಿಟ್ಟರು. ಅಲ್ಲಿನ ಗ್ಯಾರೇಜಿನವರು ಪಿಕಪ್‌ನಲ್ಲಿ ಕೂರಿಸಿ ಮನೆಗೆ ತಂದು ಬಿಟ್ಟರು. ಎರಡು ಲೋಟ ನೀರು ಕುಡಿದು, "ನಂಗೆ ಆಗ್ಲಿಲ್ಲ. ಅವಳಿಗೆ ಆಗಿರ್ಲಿಕ್ಕೂ ಸಾಕು" ಎಂದರು. ನನಗೆ ತಲೆ ಚಚ್ಚಿಕೊಳ್ಳುವಂತಾಯಿತು.

ಟೀಚರ್ ನಿವೃತ್ತರಾದರು, ಅವರ ವೀಸಾ ಮುಗಿಯಲು ವಾರವಿತ್ತು. ಧಾರವಾಡದ ಪ್ರಕಾಶಕರು ಕೊಟ್ಟ ಕೊನೆಯ ಗಡುವೂ ಅದೇ. ತಪ್ಪಿದರೆ ಪುಸ್ತಕವೇ ಇಲ್ಲ. ಆ ಶುಕ್ರವಾರ ಟೀಚರ್ ಮತ್ತೆ ಎರಡೂ ಪುಸ್ತಕ ತೆರೆದಿಟ್ಟರು. ನನಗೆ ತಡೆಯಲಾಗಲಿಲ್ಲ.

"ಯಾವುದಾದ್ರೂ ಒಂದನ್ನ ನಂಬ್ರಿ, ಮುಗಿಸ್ರಿ" ಎಂದು ಕೂಗಿಯೇಬಿಟ್ಟೆ.

ಅವರು ಎರಡೂ ಪುಸ್ತಕ ಮುಚ್ಚಿದರು. "ನಂಗೆ ತೀರ್ಮಾನ ಆಗುದಿಲ್ಲ. ನೀವೇ ಹೇಳಿ. ಗಂಡ ಇದ್ದನಾ, ಇಲ್ಲವಾ?"

"ಇರಲಿಲ್ಲ" ಎಂದೆ.

ಅವರು ತಲೆಯಾಡಿಸಿದರು. ಅಂದೇ ಅಧ್ಯಾಯ ಮುಗಿಸಿ ಕಳಿಸಿದೆವು.

ಪುಸ್ತಕ ಅಚ್ಚಾಗುವ ಮೊದಲೇ ಟೀಚರ್ ಮಂಗಳೂರಿನಲ್ಲಿ ತೀರಿಕೊಂಡರು. ಓದಿದವರು ಒಂಟಿಯಾಗಿ ಮರುಭೂಮಿ ದಾಟಿದ ಆ ಧೀರೆಯನ್ನು ಹೊಗಳಿ ನನಗೆ ಬರೆಯುತ್ತಾರೆ. ಪ್ರತಿ ಸಲವೂ ನನ್ನ ಮೇಲೆಯೇ ಸಿಟ್ಟು ಬರುತ್ತದೆ. ಆವತ್ತು ನನಗೇನೂ ತಿಳಿದಿರಲಿಲ್ಲ. ಗಂಡ ಇದ್ದನೆಂದರೆ ಇನ್ನೂ ನಾಲ್ಕು ಪುಟ ಟೈಪ್ ಮಾಡಬೇಕಿತ್ತು, ನನಗೆ ಹಸಿವಾಗಿತ್ತು.