ಬಾತಿಗೆ ಗುರುತಿದ್ದ ಕೋಟು

ಆಸ್ಲೌಗ್‌ಳ ಫೋಟೋ ಎಷ್ಟು ದೇಶಗಳಲ್ಲಿದೆಯೋ ಅವಳಿಗೇ ಗೊತ್ತಿಲ್ಲ. ನಾರ್ವೆಯ ಉತ್ತರ ಕರಾವಳಿಯ ಆ ಪುಟ್ಟ ನಡುಗಡ್ಡೆಗೆ ಬೇಸಿಗೆಯಲ್ಲಿ ದೋಣಿ ತುಂಬ ಪ್ರವಾಸಿಗರು ಬರುತ್ತಾರೆ. ಬರುವುದು ಅವಳನ್ನು ನೋಡಲಿಕ್ಕಲ್ಲ, ಅವಳ ಮನೆಯ ಮುಂಬಾಗಿಲ ಮೆಟ್ಟಿಲ ಕೆಳಗೆ ಕಾವಿಗೆ ಕೂರುವ ಈಡರ್ ಎಂಬ ಕಡಲ ಬಾತನ್ನು ನೋಡಲಿಕ್ಕೆ. ಗೂಡಿನಿಂದ ದೂರಕ್ಕೆ ಕಟ್ಟಿದ ಹಗ್ಗದಾಚೆ ಒಬ್ಬರ ಮೇಲೊಬ್ಬರು ಬಿದ್ದು, ಉದ್ದ ಮೂತಿಯ ಕ್ಯಾಮೆರಾ ಹಿಡಿದು ಕ್ಲಿಕ್ಕಿಸುತ್ತಾರೆ. ಹಗ್ಗದೀಚೆ ಮೊಣಕೈ ಹರಿದ ಕಂದು ಕೋಟು ತೊಟ್ಟ ಆಸ್ಲೌಗ್ ನಿಂತಿರುತ್ತಾಳಾದ್ದರಿಂದ ಅವಳೂ ಚಿತ್ರದಲ್ಲಿ ಸೇರಿಕೊಳ್ಳುತ್ತಾಳೆ.

ಆ ಕೋಟು ಅವಳ ತಾಯಿಯದು. ವಸಂತದಲ್ಲಿ ಬಾತುಗಳು ದಡ ಹತ್ತಿದಂದಿನಿಂದ ಮರಿಗಳು ನೀರಿಗಿಳಿಯುವವರೆಗೆ ಆ ಮನೆಯವರು ಬಟ್ಟೆ ಬದಲಿಸುವಂತಿಲ್ಲ. ಹೊರಗೆ ಬಟ್ಟೆ ಒಣಹಾಕುವುದಿಲ್ಲ, ಮೊಳೆ ಹೊಡೆಯುವುದಿಲ್ಲ, ಹಿಂಬಾಗಿಲಿನಿಂದಲೇ ಓಡಾಟ. ಕಂಡ ಬಟ್ಟೆಯೇ ಕಾಣುತ್ತಿದ್ದರೆ ಬಾತು ನಿಶ್ಚಿಂತೆಯಿಂದ ಕೂರುತ್ತದೆ. ಮರಿಗಳು ಹೋದ ಮೇಲೆ ಗೂಡಿನ ತುಪ್ಪುಳ ಮನೆಯವರಿಗೆ, ಬೆಚ್ಚನೆಯ ಹೊದಿಕೆಗೆ ತುಂಬಿ ಮಾರಲು. ಸುತ್ತಲಿನ ನಡುಗಡ್ಡೆಗಳಲ್ಲಿ ಜನ ಮನೆ ಮುಚ್ಚಿ ಹೊರಟರು, ಕಾಯುವವರಿಲ್ಲದೆ ಬೆನ್ನಿಗೇ ಬಾತುಗಳೂ ಹೊರಟವು. ಆಸ್ಲೌಗ್ ಕಲ್ಲು ಜೋಡಿಸಿ ಕಟ್ಟಿದ ಗೂಡುಗಳೆಲ್ಲ ಈ ವರ್ಷ ಖಾಲಿ. ಬಂದದ್ದು ಮೆಟ್ಟಿಲ ಕೆಳಗಿನದೊಂದೇ. ಅದೂ ಬೆದರಿ ಗೂಡು ಬಿಟ್ಟರೆ ಇನ್ನು ಈ ದಡಕ್ಕೆ ಬಾತು ಬರುವುದಿಲ್ಲ, ತಲೆತಲಾಂತರದ ಕೆಲಸ ಅವಳ ಕೈಯಲ್ಲೇ ಮುಗಿಯುತ್ತದೆ. ಅದನ್ನು ನೆನೆದರೆ ಅವಳಿಗೆ ಊಟ ಸೇರುತ್ತಿರಲಿಲ್ಲ.

ಹೀಗಿರುವಾಗ ಅಕ್ಕ ಬೋರ್ಗ್‌ಹಿಲ್ಡ್ ಫೋನು ಮಾಡಿದಳು. ಮದುವೆಯಾಗಿ ಪೇಟೆ ಸೇರಿ ಎಷ್ಟೋ ಕಾಲವಾದವಳು ಅವಳು.

"ಇವತ್ತೂ ನಿನ್ನ ಫೋಟೋ ನೋಡ್ದೆ ಕಣೇ. ಬಾತೇ ನಿನಗಿಂತ ನೀಟಾಗಿದೆ. ಜಗತ್ತಿಗೆಲ್ಲ ಆ ಹರಕು ಮೊಣಕೈ ತೋರಿಸ್ಕೊಂಡು ನಿಂತಿದ್ದೀಯಲ್ಲ, ನಾನು ಹೆಣೆದ ನೀಲಿ ಸ್ವೆಟರ್ ಏನು ಇಲಿಗಳಿಗಾ?"

"ಅಕ್ಕ, ಇದು ಕಾವಿನ ಕಾಲ."

"ಒಂದು ಗಳಿಗೆ ಹಾಕ್ಕೊಂಡ್ರೆ ಏನಾಗತ್ತೆ?"

ಮಾತು ಒಳಗೆ ಕೊರೆಯಿತು. ಆಸ್ಲೌಗ್ ಕೂಡ ಮನುಷ್ಯಳೇ ತಾನೇ. ಚಂದ ಕಾಣುವ ಒಂದೇ ಒಂದು ಫೋಟೋ ಬೇಕೆನಿಸಿದ್ದು ಅಪರಾಧವೇನಲ್ಲ. ಡೆನ್ಮಾರ್ಕಿನ ಬೋದಿಲ್ ಎಂಬ ಫೋಟೋಗ್ರಾಫರ್ ಭಾನುವಾರ ಬರುತ್ತೇನೆ, ಬಾತಿನ ಜೊತೆ ನಿಮ್ಮದೂ ಒಂದು ಚಿತ್ರ ಬೇಕು ಎಂದು ಹೇಳಿಕಳಿಸಿದ್ದಳು. ಬಾತಿಗೂ ನನಗೂ ಇಷ್ಟು ವರ್ಷದ ಪರಿಚಯ, ಅದಕ್ಕೆ ನನ್ನ ದನಿ ಕೇಳಿದರೆ ಸಾಕು ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡು ಆಸ್ಲೌಗ್ ಆ ಭಾನುವಾರ ಕೋಟನ್ನು ಮೊಳೆಗೆ ನೇತುಹಾಕಿ ನೀಲಿ ಸ್ವೆಟರ್ ತೊಟ್ಟಳು.

ದೋಣಿಯಿಂದ ಜನರನ್ನು ಇಳಿಸುತ್ತಿದ್ದ ತೂರ್ಫಿನ್ ಕಣ್ಣರಳಿಸಿದ. "ಏನ್ ಮಾರಾಯ್ತಿ, ಮದುವೆ ಗೊತ್ತಾಯ್ತಾ?"

"ಆಯ್ತು. ನಿನ್ನನ್ನ ಮಾತ್ರ ಕರೆಯಲ್ಲ."

ಹಗ್ಗದಾಚೆ ಕ್ಯಾಮೆರಾಗಳು ಸಾಲುಗಟ್ಟಿದವು. ಆಸ್ಲೌಗ್ ಎಂದಿನ ಮೆಲುದನಿಯಲ್ಲಿ ಮಾತಾಡುತ್ತಲೇ ಮೆಟ್ಟಿಲ ಬಳಿ ಬಾಗಿದಳು. ಬಾತು ಒಮ್ಮೆ ಕತ್ತೆತ್ತಿ ಆ ನೀಲಿಯನ್ನು ನೋಡಿತು, ರಪ್ಪನೆ ಎದ್ದು ಅವಳ ಮೊಣಕಾಲಿಗೆ ಬಡಿದು ಸಮುದ್ರದ ಕಡೆ ಹಾರಿತು. ಎಲ್ಲ ಕ್ಯಾಮೆರಾಗಳೂ ಒಟ್ಟಿಗೆ ಸದ್ದು ಮಾಡಿದವು. ಜನ ಖುಷಿಯಿಂದ ಕೂಗಿದರು. ಗಾಬರಿಯಾಗಿ ಅವಳು ಹಿಂದೆ ಸರಿದದ್ದೇ ತಪ್ಪಾಯಿತು, ಹೊಂಚು ಹಾಕಿದ್ದ ಕರಿಬೆನ್ನಿನ ಕಡಲಹಕ್ಕಿ ಎರಗಿ ಒಂದು ಮೊಟ್ಟೆಯನ್ನು ಕಚ್ಚಿಕೊಂಡು ಹೋಯಿತು.

ಆಸ್ಲೌಗ್ ಅಳಲಿಲ್ಲ. ಉಳಿದ ಮೊಟ್ಟೆಗಳ ಮೇಲೆ ತುಪ್ಪುಳ ಎಳೆದು ಮುಚ್ಚಿ, ಅಷ್ಟು ಜನರ ಎದುರೇ ಸ್ವೆಟರ್ ಕಿತ್ತೆಸೆದು, ಕೊರೆಯುವ ಗಾಳಿಯಲ್ಲಿ ಒಳಅಂಗಿಯಲ್ಲಿ ನಿಂತಳು.

"ತೂರ್ಫಿನ್, ಹಿಂಬಾಗಿಲ ಮೊಳೆಗೆ ಕೋಟಿದೆ, ತಾ."

ಈ ಸಲ ಅವನು ತಮಾಷೆ ಮಾಡಲಿಲ್ಲ, ಓಡಿದ. ಅವಳು ಜನರ ಕಡೆ ತಿರುಗಿದಳು. "ಎಲ್ಲರೂ ಆಚೆ ಮುಖ ಮಾಡಿ ಕೂತ್ಕೊಳ್ಳಿ. ಮಾತು ಬೇಡ. ಕ್ಯಾಮೆರಾ ಕೆಳಗಿಡಿ."

ಮೊದಲು ಕೂತವಳು ಬೋದಿಲ್. ಅವಳನ್ನು ನೋಡಿ ಉಳಿದವರೂ ಮೆಟ್ಟಿಲಿಗೆ ಬೆನ್ನು ಹಾಕಿ ಹುಲ್ಲಿನ ಮೇಲೆ ಕೂತರು. ಆಸ್ಲೌಗ್ ಕೋಟು ತೊಟ್ಟು, ಮೇಲೆ ಸುತ್ತುತ್ತಿದ್ದ ಕಡಲಹಕ್ಕಿಗಳ ಮೇಲೆ ಕಣ್ಣಿಟ್ಟು ಗೂಡಿನ ಪಕ್ಕ ಕುಕ್ಕರಿಸಿದಳು. ಒಂದು ಕೆಟಲ್ ಕಾಫಿ ಕಾಯುವಷ್ಟು ಹೊತ್ತು ನೀರಿನ ಮೇಲೆ ಏನೂ ಕಾಣಲಿಲ್ಲ. ಆಮೇಲೆ ಬಂಡೆಯ ಮರೆಯಿಂದ ಬಾತು ಬಂತು. ದಡದಲ್ಲಿ ನಿಂತಿತು, ಎರಡು ಹೆಜ್ಜೆ ಇಟ್ಟಿತು, ಮತ್ತೆ ನಿಂತಿತು. ಕೊನೆಗೆ ಕುಂಡೆ ಕುಣಿಸುತ್ತ ಅವಳ ಬೂಟನ್ನು ಸವರಿಕೊಂಡು ಬಂದು ಗೂಡಿನಲ್ಲಿ ಕೂತಿತು. ಅಷ್ಟು ದೂರದಿಂದ ಬಂದವರಲ್ಲಿ ಒಬ್ಬರೂ ಅದನ್ನು ನೋಡಲಿಲ್ಲ. ಆಸ್ಲೌಗ್‌ಗೆ ಆಗ ಕಣ್ಣೀರು ಬಂತು.

ಹೊರಡುವಾಗ ಬೋದಿಲ್ ದೋಣಿಯಿಂದ ಒಂದೇ ಒಂದು ಫೋಟೋ ತೆಗೆದಳು. ದೂರದಲ್ಲಿ ಮನೆ, ಮೆಟ್ಟಿಲು, ಪಕ್ಕದಲ್ಲಿ ಕಂದು ಕೋಟು. ಅದು ಪೇಟೆಯ ಅಕ್ಕನನ್ನೂ ತಲುಪಿತು.

"ಮತ್ತೆ ಅದೇ ಕೋಟಾ? ಸ್ವೆಟರ್ ಹಾಕ್ಕೊಳ್ಳಲೇ ಇಲ್ವಾ?" ಎಂದಳು ಬೋರ್ಗ್‌ಹಿಲ್ಡ್.

"ಹಾಕ್ಕೊಂಡಿದ್ದೆ ಅಕ್ಕ. ಒಂದು ಮೊಟ್ಟೆ ಹೋಯ್ತು."

ಅಕ್ಕನೂ ಅದೇ ಹಿಂಬಾಗಿಲಿನಿಂದ ಓಡಾಡಿ ಬೆಳೆದವಳು.

"ಮೊಣಕೈಗೆ ತೇಪೆ ಹಾಕು," ಎಂದಳು. "ನೂಲು ನಾನು ಕಳಿಸ್ತೀನಿ. ಅಮ್ಮನ ಕೋಟಿನ ಬಣ್ಣ ನಂಗೆ ನೆನಪಿದೆ."