ಇಸೊ ಮಸೆದ ಅಲಗುಗಳು

ಅಲಗನ್ನು ಒರೆಯಿಂದ ಹೊರಗೆಳೆಯುವ ಮೊದಲು ಇಸೊ ತುಟಿಗಳ ನಡುವೆ ಒಂದು ಮಡಿಸಿದ ಕಾಗದ ಕಚ್ಚಿಕೊಳ್ಳುತ್ತಿದ್ದಳು. ಬರಿಯ ಉಕ್ಕಿನ ಮುಂದೆ ಬಾಯಿ ಬಿಡಬಾರದು. ಮಾತಿನ ಜೊತೆ ಹಾರುವ ಒಂದು ಹನಿ ಎಂಜಲು ಸಾಕು, ಆಮೇಲೆ ನೋಡಿದರೆ ಅಲ್ಲೊಂದು ಸಾಸಿವೆಕಾಳಿನಷ್ಟು ತುಕ್ಕು. ಇದನ್ನು ಕಲಿಸಿದವನು ಅಪ್ಪ. ಹುಡುಗನಾಗಿದ್ದಾಗ ಕೋಟೆಯ ಈಟಿಮನೆಯಲ್ಲಿ ಅಲಗು ಒರೆಸುವ ಕೆಲಸಕ್ಕಿದ್ದವನು ಅವನು. ದೊರೆತನ ಹೋಯಿತು, ಈಟಿಮನೆ ಹರಾಜಾಯಿತು. ಅವನಿಗೆ ಉಳಿದದ್ದು ಕಾಗದ ಕಚ್ಚುವ ಅಭ್ಯಾಸ ಮತ್ತು ಒಂದು ನಾಗಿನಾಟಾ: ಆಳೆತ್ತರ ಮೀರಿದ ಓಕ್ ಮರದ ಕಾವು, ಅದರ ತುದಿಯಲ್ಲಿ ಬಿದಿಗೆ ಚಂದ್ರನ ಹಾಗೆ ಬಾಗಿದ ಅಲಗು. ಬೆಳಕಿಗೆ ಓರೆಯಾಗಿ ಹಿಡಿದರೆ ಅಂಚಿನುದ್ದಕ್ಕೂ ಹಾಲಿನ ಕೆನೆಯಂಥ ಬಿಳಿ ಅಲೆ ಕಾಣುತ್ತಿತ್ತು. ಆ ಅಲೆಯನ್ನು ನೋಡುತ್ತ ಬೆಳೆದವಳು ಇಸೊ.

ಕತ್ತಿಗೆ ಎಲ್ಲರೂ ಮರ್ಯಾದೆ ಕೊಡುತ್ತಾರೆ. ಕತ್ತಿ ಸಿರಿವಂತರ ಸೊಂಟದಲ್ಲಿದ್ದದ್ದು. ಈಟಿ, ನಾಗಿನಾಟಾಗಳು ಕಾಲಾಳುಗಳದ್ದು, ಹೆಂಗಸರದ್ದು. ಅವುಗಳನ್ನು ಕೇಳುವವರಾರು? ಬುಂಗೊ ಕರಾವಳಿಯ ಆ ಕೋಟೆಪೇಟೆಯಲ್ಲಿ ನಾಗಿನಾಟಾದ ಬುಡ ಕೊಯ್ದು ಗಿಡ್ಡ ಕತ್ತಿ ಮಾಡಿ ಮಾರುವ ವ್ಯಾಪಾರಿಗಳಿದ್ದರು. ಬೆಸ್ತ ತೊಮೆಜೊನ ಅಪ್ಪ ಮುತ್ತಜ್ಜನ ಈಟಿಯಲ್ಲಿ ಬಂಡೆ ಸಂದಿಯ ಆಕ್ಟೋಪಸ್ ಚುಚ್ಚುತ್ತಿದ್ದ. ಇಸೊ ತಾಬಿ, ಅಂದರೆ ಬಟ್ಟೆಯ ಕಾಲುಚೀಲ, ಹೊಲಿಯುವವಳು. ಊರಿನ ಅರ್ಧ ಜನರ ಪಾದದ ಅಳತೆ ಅವಳ ಕೈಗೆ ಗೊತ್ತು. ಹೊಸ ತಾಬಿ ಕೊಟ್ಟು ಹಳೆಯ ಈಟಿ ತರುತ್ತಿದ್ದಳು. ಮದುವೆಯಾಗಲಿಲ್ಲ. ಬಂದ ಗಂಡಿನ ಕಡೆಯವರು ತೊಲೆಯುದ್ದಕ್ಕೂ ಸಾಲಾಗಿ ತೂಗುಹಾಕಿದ ಈಟಿಗಳನ್ನು ನೋಡಿ ಚಹಾ ಕುಡಿಯದೇ ಎದ್ದು ಹೋದರಂತೆ.

ತೋಫು ಮಾರುವ ಶಿಗೆಯ ಹಿತ್ತಿಲಲ್ಲಿ ಒಂದು ಸಲ ಹೀಗಾಯಿತು.

"ಏನೇ ಇಸೊ, ನನ್ನ ಬಟ್ಟೆ ಗಳದ ಮೇಲೆ ಕಣ್ಣು ಹಾಕಿದ್ದೀಯಲ್ಲೇ?"

"ಅದು ಗಳ ಅಲ್ವೇ. ಈಟಿ ಕಾವು. ಮೇಲೆ ಅರಗು ಬಳಿದಿದ್ದಾರೆ ನೋಡು."

"ನಮ್ಮತ್ತೆ ಒಳಲಂಗ ಎಲ್ಲ ಜನ್ಮಪೂರ್ತಿ ಇದರ ಮೇಲೇ ಒಣಗಿದ್ದು. ಯುದ್ಧ ಸಾಕಷ್ಟು ನೋಡಿದೆ ಬಿಡು ಇದು. ತಗೊಂಡು ಹೋಗು. ಬದಲಿಗೆ ಒಂದು ಬಿದಿರು ತಂದ್ಕೊಡು, ನಾಳೆ ನನ್ನ ಲಂಗ ಎಲ್ಲಿ ಒಣಹಾಕ್ಲಿ?"

ಯುದ್ಧದ ಕೊನೆಯ ವರ್ಷ. ದೇವಾಲಯದ ಗಂಟೆ ಮದ್ದುಗುಂಡಿನ ಎರಕಕ್ಕೆ ಹೋಯಿತು, ಸೇತುವೆಯ ಕಂಬಿ ಹೋಯಿತು, ಅಕ್ಕಿಯಂತೂ ಎಂದೋ ಹೋಗಿತ್ತು. ಅಲಗಿಗೆ ಹಚ್ಚುವ ಲವಂಗದೆಣ್ಣೆ ಸಿಗದೆ ಇಸೊ ತನ್ನ ತಲೆಗೂದಲಿನ ಎಣ್ಣೆಯನ್ನೇ ಉಳಿಸಿ ಹಚ್ಚುತ್ತಿದ್ದಳು. ಕೇರಿಸಂಘದ ಮುಖ್ಯಸ್ಥ ಸೋಯಾ ಸಾಸ್ ತಯಾರಿಸುವ ಕುಮಾಯಿಚಿ. ಅವನ ಮನೆಯ ಪೀಪಾಯಿಗಳು ಮಾತ್ರ ಒಂದು ದಿನವೂ ಬರಿದಾಗಲಿಲ್ಲ. ಅಮೆರಿಕದವರು ಇದೇ ದಂಡೆಗೆ ಇಳಿಯುತ್ತಾರೆ ಎಂದು ಅವನು ಶಾಲೆಯ ಬಯಲಲ್ಲಿ ಹುಲ್ಲಿನ ಬೊಂಬೆ ನಿಲ್ಲಿಸಿ, ಬೆನ್ನು ಬಾಗಿದ ಅಜ್ಜಿಯರ ಕೈಗೆ ಚೂಪು ಬಿದಿರು ಕೊಟ್ಟು ಚುಚ್ಚಿಸುತ್ತಿದ್ದ. ಆಕಾಶದಲ್ಲಿ ವಿಮಾನ, ನೆಲದಲ್ಲಿ ಬಿದಿರು ಹಿಡಿದ ಅಜ್ಜಿ. ಇದನ್ನು ಯುದ್ಧತಂತ್ರ ಎಂದು ಕರೆದವರು ಯಾರೂ ಆ ಸಾಲಿನಲ್ಲಿ ನಿಲ್ಲಲಿಲ್ಲ.

ಒಂದು ಬೆಳಿಗ್ಗೆ ಕುಮಾಯಿಚಿ ಇಸೊಳ ಬಾಗಿಲಿಗೆ ಬಂದ.

"ಊರಲ್ಲಿರೋ ಅಲಗೆಲ್ಲ ಮಸೀಬೇಕು ಇಸೊ. ಒಂದೂ ಬಿಡಬಾರದು. ಹೆಂಗಸರ ದಳಕ್ಕೆ ಕೊಡಬೇಕು."

"ಯಜಮಾನ್ರೆ, ಇವು ಮಸೆಯೋವಲ್ಲ. ಕಲ್ಲಿಗೆ ಕೊಟ್ರೆ ಅಲೆ ಅಳಿಸಿ ಹೋಗುತ್ತೆ. ಮತ್ತೆ ಬರೋಲ್ಲ."

"ಅಲೆ! ಶತ್ರು ಬಂದ್ರೆ ಕನ್ನಡಿ ಹಿಡಿದು ತೋರಿಸ್ತೀಯಾ? ದೇಶದ ಪ್ರಾಣಾನೇ ಹೋಗ್ತಿರುವಾಗ ನಿನಗೆ ಹೊಳಪಿನ ಚಿಂತೆ. ನಾಚಿಕೆ ಆಗಲ್ವಾ?"

ನಾಚಿಕೆಯಾಯಿತು. ಅದೇ ಅವಳು ಮಾಡಿದ ತಪ್ಪು. ವಿಷಯ ಕೇಳಿದ ಶಿಗೆ ಓಡಿ ಬಂದು ಕಿವಿಯಲ್ಲಿ ಹೇಳಿದಳು: "ದಡ್ಡೀ, ಕಲ್ಲಿಗೆ ಅಡಿಗೆಮನೆ ಚಾಕು ತಿಕ್ಕೇ. ಸದ್ದು ಕೇಳಿದ್ರೆ ಸಾಕು ಅವನಿಗೆ. ಅಲಗು ನೋಡೋಕೆ ಅವನಿಗೇನು ಬರುತ್ತೆ, ಮಣ್ಣು!"

"ಮೋಸ ಮಾಡ್ಲಾ? ಎಲ್ಲರ ಮಕ್ಕಳೂ ಸಾಯ್ತಿರುವಾಗ?"

"ನೀನು ಮೋಸ ಮಾಡಿದ್ರೆ ಒಂದು ಮಗು ಜಾಸ್ತಿ ಸಾಯುತ್ತಾ?"

ಇಸೊ ಎದ್ದಳು. ಹಿತ್ತಿಲಲ್ಲಿ ಒರಟು ಸಾಣೆಕಲ್ಲು ಇಟ್ಟು, ನೀರು ಚಿಮುಕಿಸಿ, ಕಾಗದ ಕಚ್ಚಿಕೊಂಡು ಕೂತಳು. ಬೇರೆಯವರ ಕೈಗೆ ಕೊಟ್ಟರೆ ಕೆಡಿಸುತ್ತಾರೆ ಎಂದು ತಾನೇ ಕೂತಳು. ಈಟಿಗಳಾದವು. ಕೊನೆಗೆ ಅಪ್ಪನ ನಾಗಿನಾಟಾ. ಕಲ್ಲಿನ ಮೇಲೆ ಬೂದು ಕೆಸರು ಹರಿಯಿತು. ಬಿಳಿ ಅಲೆ ಮೊದಲು ಮಸುಕಾಯಿತು, ಆಮೇಲೆ ಗೀರುಗೀರಾಯಿತು, ಆಮೇಲೆ ಇಲ್ಲವಾಯಿತು. ಅವಳು ಅರೆಮನಸ್ಸಿನಿಂದ ಮಸೆದವಳಲ್ಲ. ಬುಡದಿಂದ ತುದಿಯವರೆಗೆ, ಕೂದಲು ಬಿದ್ದರೆ ಎರಡಾಗುವಂತೆ ಮಸೆದಳು. ಕಚ್ಚಿದ ಕಾಗದ ಒದ್ದೆಯಾಗಿ ಹರಿದುಹೋಗಿತ್ತು. ಅತ್ತದ್ದು ಯಾರಿಗೂ ಕೇಳಲಿಲ್ಲ.

ಅಮೆರಿಕದವರು ಬಂದರು, ಆದರೆ ದಂಡೆಯಿಂದಲ್ಲ, ರೈಲಿನಲ್ಲಿ. ಯುದ್ಧ ಮುಗಿದಿತ್ತು. ಆ ಅಲಗುಗಳಿಂದ ಒಂದು ಹುಲ್ಲುಬೊಂಬೆಯನ್ನೂ ಯಾರೂ ಚುಚ್ಚಲಿಲ್ಲ.

ಹೊಸ ಆಜ್ಞೆ ಬಂತು: ಅಲಗಿರುವುದೆಲ್ಲವನ್ನೂ ಒಪ್ಪಿಸಬೇಕು. ಕಲೆಯ ಬೆಲೆಯಿರುವ ವಸ್ತುವನ್ನು ಪರೀಕ್ಷಕರು ನೋಡಿ ಹಿಂದಿರುಗಿಸುತ್ತಾರೆ. ಬರೀ ಆಯುಧವಾಗಿದ್ದರೆ ನಾಶ. ಇಸೊ ಬಿದಿರಿನ ಮೊಳೆಗಳನ್ನು ಒಂದೊಂದಾಗಿ ಬಡಿದು ತೆಗೆದು, ಕಾವುಗಳಿಂದ ಅಲಗು ಬೇರೆ ಮಾಡಿ, ತಾಬಿ ಹೊಲಿಯುವ ಬಟ್ಟೆಯಲ್ಲಿ ಸುತ್ತಿ ಶಾಲೆಗೆ ಹೊತ್ತಳು. ಶಿಗೆ ಗಾಡಿ ತಳ್ಳಿದಳು.

ಅಲ್ಲಿ ಕುರ್ಚಿ ಹಾಕಿಕೊಂಡು ಜನರನ್ನು ಸಾಲಿನಲ್ಲಿ ನಿಲ್ಲಿಸುತ್ತಿದ್ದವನು ಯಾರು? ಕುಮಾಯಿಚಿ. ತೋಳಪಟ್ಟಿ ಮಾತ್ರ ಹೊಸದು.

ಪರೀಕ್ಷಕ ಒಳ್ಳೆಯ ಮುದುಕ. ನಾಗಿನಾಟಾದ ಅಲಗನ್ನು ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದ. ತುಂಬ ಹೊತ್ತು ಹಿಡಿದ. ಮೇಜಿನ ಮೇಲೆ ಇಳಿಸಿ ಕೇಳಿದ: "ಯಾರು ಮಸೆದದ್ದು?"

"ನಾನೇ."

"ಯಾಕಮ್ಮಾ ಮಸೆದ್ರಿ?"

ಇಸೊ ಕುಮಾಯಿಚಿಯ ಕಡೆ ನೋಡಿದಳು. ಅವನು ನಕ್ಕ. "ಹೆಂಗಸರ ಬುದ್ಧಿ ಸ್ವಾಮಿ. ಆವೇಶ ಜಾಸ್ತಿಯಾಗಿಬಿಟ್ಟಿತ್ತು ಇವಳಿಗೆ."

"ಆಕಾರ ಚೆನ್ನಾಗಿದೆ," ಎಂದ ಮುದುಕ. "ಮಸೆಯೋಕೆ ಮುಂಚೆ ನೋಡಿದ್ರೆ ಮರುಮಾತಿಲ್ಲದೆ ಕೊಟ್ಟುಬಿಡ್ತಿದ್ದೆ. ಈಗ ಇದು ಹೊಸದಾಗಿ ಹರಿತ ಮಾಡಿದ ಆಯುಧ ತಾಯಿ. ಏನಂತ ಬರೀಲಿ?"

ಅವಳು ನೆಲಕ್ಕೆ ಹಣೆ ಹಚ್ಚಿದಳು. "ಹೊಳಪು ಹಾಕೋರ ಹತ್ರ ಕೊಡ್ತೀನಿ ಸ್ವಾಮಿ. ಮನೆ ಮಾರ್ತೀನಿ."

"ಹೋದ ಅಲೆ ಬರುತ್ತೇನಮ್ಮಾ?"

"ಹಾಗಾದ್ರೆ ಅಂಚು ಮೊಂಡು ಮಾಡಿ. ತುದಿ ಮುರೀರಿ. ನಿಮ್ಮೆದುರಿಗೇ ನಾನೇ ಮುರೀತೀನಿ. ಈಟಿಗಳೆಲ್ಲ ಹೋಗ್ಲಿ, ಇದೊಂದನ್ನ ಬಿಡಿ. ಅಪ್ಪನ ಕೈಯಿಂದ ಬಂದದ್ದು."

ಮುದುಕ ಬಾಗಿಲ ಬಳಿ ನಿಂತ ಅಮೆರಿಕದ ಸಿಪಾಯಿಯನ್ನು ನೋಡಿದ, ಅಲಗನ್ನು ನೋಡಿದ, ಇಸೊಳ ಮುಖವನ್ನು ಮಾತ್ರ ನೋಡಲಿಲ್ಲ. ಅಲಗು ಎಡಗಡೆಯ, ನಾಶ ಮಾಡುವ ರಾಶಿಗೆ ಹೋಯಿತು. ಉಕ್ಕಿನ ಮೇಲೆ ಉಕ್ಕು ಬಿದ್ದ ಸದ್ದಾಯಿತು.

ಮುಂದಿನ ಸರದಿ ಕುಮಾಯಿಚಿಯದೇ. ರೇಷ್ಮೆ ಚೀಲದಿಂದ ಅವನು ಕತ್ತಿ ತೆಗೆದ. ಮುದುಕನ ಮುಖ ಅರಳಿತು. ಬೆಳಕಿಗೆ ಹಿಡಿದಾಗ ಅಂಚಿನುದ್ದಕ್ಕೂ ಬಿಳಿ ಅಲೆ, ಈಗಷ್ಟೇ ಹಾಲು ಕಾಯಿಸಿದ ಹಾಗೆ. ಒಂದು ಗೀರಿಲ್ಲ. ಊರಿನ ಅಲಗೆಲ್ಲ ಕಲ್ಲಿಗೆ ಬಿದ್ದಾಗ ಇದು ಎಲ್ಲೋ ಪೀಪಾಯಿಗಳ ಹಿಂದೆ ತಣ್ಣಗೆ ಮಲಗಿತ್ತು.

ಇಸೊ ಎದ್ದು ಮೇಜಿನ ಹತ್ತಿರ ಹೋದಳು. ಬರಿಯ ಅಲಗಿನ ಮೇಲೆ ಬಾಗಿದಳು. ಜೀವಮಾನದಲ್ಲಿ ಮೊದಲ ಸಲ, ಕಾಗದವಿಲ್ಲದ ಬಾಯಿ ತೆರೆದಳು.

"ಯಜಮಾನ್ರೆ, ಇದನ್ನ ಯಾಕೆ ಮಸೀಲಿಲ್ಲ?"

"ಏಯ್, ಬಾಯಿ ಮುಚ್ಚು! ಎಂಜಲು ಹಾರುತ್ತೆ, ಕತ್ತಿ ಹಾಳಾಗುತ್ತೆ!"

"ಯಾಕೆ ಮಸೀಲಿಲ್ಲ? ಒಂದೂ ಬಿಡಬಾರದು ಅಂದ್ರಲ್ಲ. ನಾಚಿಕೆ ಆಗಲ್ವಾ ಅಂದ್ರಲ್ಲ. ಯಾಕೆ ಮಸೀಲಿಲ್ಲ?"

ಸಾಲಿನ ಹಿಂದಿನಿಂದ ಶಿಗೆಯ ದನಿ ಬಂತು: "ಹೇಳಯ್ಯಾ, ಹೇಳು. ಹೆಂಗಸರ ಬುದ್ಧಿಗೆ ಅರ್ಥ ಆಗೋ ಹಾಗೆ ಹೇಳು." ಯಾರೂ ನಗಲಿಲ್ಲ. ಪರೀಕ್ಷಕನ ಕೈ ಒಂದು ಗಳಿಗೆ ನಿಂತಿತು. ಆಮೇಲೆ ಮುದ್ರೆ ಒತ್ತಿತು. ಅವನು ನೋಡಬೇಕಾದದ್ದು ಅಲಗನ್ನು, ಮನುಷ್ಯನನ್ನಲ್ಲ. ಇಂಥ ಕೆಲಸಗಳಿಗೆ ಇಂಥ ನಿಯಮಗಳನ್ನು ಯಾರು ಯಾರ ಅನುಕೂಲಕ್ಕೆ ಮಾಡುತ್ತಾರೆ ಎಂದು ಕೇಳುವವರು ಅಂದೂ ಇರಲಿಲ್ಲ.

ಕುಮಾಯಿಚಿ ಅಲಗಿನ ಮೇಲೆ ಬಿದ್ದ ಎಂಜಲ ಹನಿಗಳನ್ನು ತೋಳಪಟ್ಟಿಯಿಂದ ಉಜ್ಜಲು ಹೋದ.

"ಅದರಿಂದ ಒರೆಸ್ಬೇಡಿ! ಗೀರು ಬೀಳುತ್ತೆ!" ಇಸೊ ಕಿರುಚಿದಳು. ಅವಳ ಕೈ ಸೊಂಟಪಟ್ಟಿಯಿಂದ ಮೆದು ಕಾಗದ ಎಳೆದು, ಬುಡದಿಂದ ತುದಿಗೆ ಒಂದೇ ಎಳೆತದಲ್ಲಿ ಒರೆಸಿ, ಎರಡನೆಯ ಸಲ ಒರೆಸಿ, ಬೆಳಕಿಗೆ ತಿರುಗಿಸಿ ನೋಡಿಬಿಟ್ಟಿತ್ತು. ಹನಿ ಉಳಿದಿರಲಿಲ್ಲ. ಕತ್ತಿ ಕುಮಾಯಿಚಿಯ ರೇಷ್ಮೆ ಚೀಲಕ್ಕೆ ಮರಳಿತು. ಇಸೊ ತನ್ನ ಕೈಯನ್ನು ಬೇರೆ ಯಾರದೋ ಕೈ ಎಂಬಂತೆ ನೋಡುತ್ತ ನಿಂತಳು. ಶಿಗೆ ರಟ್ಟೆ ಹಿಡಿದು ಹೊರಗೆಳೆದುಕೊಂಡು ಹೋದಳು.

ಕೆಲವು ದಿನಗಳಾದ ಮೇಲೆ ತೊಮೆಜೊ ಬಂದ. ಆಕ್ಟೋಪಸ್ ಚುಚ್ಚುವವನ ಮಗ. ರಾಶಿಯನ್ನು ಕೊಲ್ಲಿಗೆ ಸಾಗಿಸಿ ಮುಳುಗಿಸಲು ಅವನ ದೋಣಿಯನ್ನೇ ಹಿಡಿದಿದ್ದರು. ಹೊಸ್ತಿಲಲ್ಲೇ ನಿಂತ. ಒಳಗೆ ತೊಲೆಯುದ್ದಕ್ಕೂ ತಲೆಯಿಲ್ಲದ ಕಾವುಗಳು ಹಾಗೇ ತೂಗುತ್ತಿದ್ದವು; ಅವುಗಳನ್ನು ಯಾರೂ ಕೇಳಿರಲಿಲ್ಲ.

"ಇಸೊಕ್ಕಾ, ನಮ್ಮಪ್ಪನ ಈಟಿ ನನ್ನ ಕೈಗೇ ಬಂತು. ಹಾಕ್ದೆ. ಇನ್ನೇನ್ ಮಾಡ್ಲಿ, ಸಿಪಾಯಿ ನಿಂತಿದ್ದ."

"ನಾಗಿನಾಟಾ?"

"ಅದೂ ಹೋಯ್ತು. ಬಾಗಿದ್ದು ಅಲ್ವಾ, ತಿರುಗ್ತಾ ತಿರುಗ್ತಾ ಇಳೀತು. ಸುಮಾರು ಹೊತ್ತು ಕಾಣ್ತಿತ್ತು."

"ಒರೆ ಹಾಕಿದ್ರಾ?"

"ಇಲ್ಲ ಅಕ್ಕಾ. ಬರಿ ಅಲಗು."

"ಎಣ್ಣೆ... ಯಾರಾದ್ರೂ..."

ತೊಮೆಜೊ ತಲೆ ತಗ್ಗಿಸಿದ. "ಸಮುದ್ರ ಅಕ್ಕಾ. ಉಪ್ಪುನೀರು. ಎಣ್ಣೆ ಹಚ್ಚಿದ್ರೂ..."

ಇಸೊ ಸೊಂಟಪಟ್ಟಿಗೆ ಕೈ ಹಾಕಿ ಮಡಿಸಿದ ಕಾಗದ ತೆಗೆದಳು. ಅದನ್ನು ತುಟಿಗಳ ನಡುವೆ ಇಟ್ಟುಕೊಂಡು, ಹಲ್ಲು ಕಚ್ಚಿ, ಕೊಲ್ಲಿಯ ಕಡೆಗೆ ಮುಖ ಮಾಡಿ ಕೂತಳು. ತೊಮೆಜೊ ಎಷ್ಟು ಕರೆದರೂ ಬಾಯಿ ಬಿಡಲಿಲ್ಲ.