ಮುಂದಿನ ಅಚ್ಚಿನ ಎಣ್ಣೆ

ನಾರಾಯಣಪ್ಪ, ಆ ಜೀಪನ್ನು ಕೆಡಿಸಿದವನು ನಾನು. ನಿಮ್ಮಪ್ಪ ಅಲ್ಲ. ಅದರ ಮುಂದಿನ ಅಚ್ಚಿನೊಳಗೆ ಎತ್ತಿನ ಗಾಡಿಯ ಕೀಲೆಣ್ಣೆ ಸುರಿದ ಕೈಯೂ ನನ್ನದೇ. ನಿನಗೆ ಬುದ್ಧಿ ಬಂದಾಗಿನಿಂದ ನೀನು ಕೇಳಿಕೊಂಡು ಬಂದಿರುವ ಕಥೆ ನಾನು ಕಟ್ಟಿದ್ದು. ಇಷ್ಟು ಬರೆಯಲು ಬೆಳಗಿನಿಂದ ಕೂತಿದ್ದೇನೆ. ವಯಸ್ಸಿನ ಸುಸ್ತು ಎಂದುಕೊಂಡಿದ್ದೆ, ಅದಲ್ಲ. ಈ ಸುಸ್ತು ನನಗೆ ಮೂವತ್ತನೇ ವಯಸ್ಸಿನಿಂದಲೂ ಇದೆ.

ಯುದ್ಧ ಮುಗಿದು, ಮಿಲಿಟರಿಯವರು ತಮ್ಮ ಹಳೇ ಜೀಪುಗಳನ್ನು ಹರಾಜು ಹಾಕುತ್ತಿದ್ದ ಕಾಲ ಅದು. ಹೊಸಕೋಟೆಯ ಕಂಟ್ರಾಕ್ಟರ್ ಪುಟ್ಟಯ್ಯನವರು ಒಂದನ್ನು ಹಿಡಿದು ತಂದರು. ಅವರದು ಕೆರೆ ಏರಿ ಕಟ್ಟಿಸುವ ಕೆಲಸ. ನಾಲ್ಕು ಚಕ್ರಕ್ಕೂ ಎಳೆತ ಇರುವ ಗಾಡಿಯಾದರೆ ಕೆರೆಯಂಗಳದ ಕೆಸರಿಗೂ ಇಳಿಯುತ್ತದೆ ಎಂಬುದು ಅವರ ಲೆಕ್ಕಾಚಾರ. ಅವರ ಶೆಡ್ಡಿನಲ್ಲಿ ನಾನು ಮೋಟರು ಮೇಸ್ತ್ರಿ. ಮಿಲಿಟರಿ ವರ್ಕ್‌ಶಾಪಿನಲ್ಲಿ ಎರಡು ವರ್ಷ ದುಡಿದು ಬಂದಿದ್ದೆ. ಜಂಬವೋ — ಕೇಳಬೇಡ.

ನಿಮ್ಮಪ್ಪ ಮುನಿಯಣ್ಣ ಅದೇ ಶೆಡ್ಡಿನಲ್ಲಿ ಕಲ್ಲು ಸಾಗಿಸುವ ಎತ್ತಿನ ಗಾಡಿಗಳನ್ನು ನೋಡಿಕೊಳ್ಳುತ್ತಿದ್ದ. ನನಗಿಂತ ಹತ್ತು ವರ್ಷ ಹಿರಿಯ. ಹುಲ್ಲು ಸುಟ್ಟ ಬೂದಿಯನ್ನು ಹರಳೆಣ್ಣೆಯಲ್ಲಿ ಅರೆದು ಕೀಲೆಣ್ಣೆ ಮಾಡಿ, ಬಿದಿರಂಡೆಯಲ್ಲಿ ತುಂಬಿ ಗೂಟಕ್ಕೆ ನೇತುಹಾಕುತ್ತಿದ್ದ. ಗಾಡಿಯ ಕಾಲ ಮುಗಿಯುತ್ತಾ ಬಂತು ಎಂದು ಎಲ್ಲರಿಗಿಂತ ಮೊದಲು ಕಂಡುಕೊಂಡವನು ಅವನೇ. ಮೋಟರು ಕೆಲಸ ಕಲಿಯಬೇಕು ಎಂಬ ಆಸೆ. ತನ್ನ ಕೆಲಸ ಮುಗಿಸಿ ಬಂದು ನನ್ನ ಜೊತೆ ಕೂತು, ಸೀಮೆಎಣ್ಣೆಯಲ್ಲಿ ಬೇರಿಂಗು ತೊಳೆದುಕೊಡುತ್ತಿದ್ದ. ಕಲಿಸುತ್ತೇನೆಂದು ನಾನು ಮಾತು ಕೊಟ್ಟಿದ್ದೆ.

ಒಂದು ಮಳೆಗಾಲ ಜೀಪು ಕೆರೆ ನೀರಿನಲ್ಲಿ ಮುಳುಗೆದ್ದು ಬಂತು. ಒಳಗಿನ ಎಣ್ಣೆಗೆಲ್ಲ ನೀರು ಸೇರಿ ಹಾಲು ಬೆರೆಸಿದ ಕಾಫಿಯ ಬಣ್ಣಕ್ಕೆ ತಿರುಗಿತ್ತು. ಅಂಥ ಗಾಡಿಗೆ ನಾಲ್ಕು ಕಡೆ ಎಣ್ಣೆ ಬದಲಿಸಬೇಕು — ಗೇರು ಪೆಟ್ಟಿಗೆ, ಅದರ ಹಿಂದೆ ಎಳೆತವನ್ನು ಮುಂದಕ್ಕೂ ಹಿಂದಕ್ಕೂ ಹಂಚುವ ಇನ್ನೊಂದು ಪೆಟ್ಟಿಗೆ, ಹಿಂದಿನ ಅಚ್ಚು, ಮುಂದಿನ ಅಚ್ಚು. ಪ್ರತಿಯೊಂದಕ್ಕೂ ಎರಡು ಬಿರಡೆ. ಕೆಳಗಿನದು ಹಳೇ ಎಣ್ಣೆ ಇಳಿಸುವುದಕ್ಕೆ, ಮೇಲಿನದು ಹೊಸದು ತುಂಬುವುದಕ್ಕೆ. ಮೂರನ್ನು ಸರಿಯಾಗಿಯೇ ಮುಗಿಸಿದೆ. ಮುಂದಿನ ಅಚ್ಚಿನ ಕೆಳಬಿರಡೆಗೆ ಪಾನಾ ಹಾಕಿದಾಗ ಮುನಿಯಣ್ಣ ಹೇಳಿದ:

"ಮೇಸ್ತ್ರಿ, ಮೇಲಿಂದು ಬಿಚ್ಚುತ್ತಾ ಅಂತ ಮೊದ್ಲು ನೋಡ್ಕೊ. ಮೂಲೆ ಸವೆದಂಗದೆ. ನಾವು ಗಾಡಿಗೂ ಹಂಗೇ ಕಣಪ್ಪ — ಕಡಾಣಿ ಕಿತ್ತು, ಚಕ್ರ ಹೊರಕ್ಕೆ ಬರ್ತದಾ ನೋಡಿ, ಆಮ್ಯಾಕೇ ಹಳೇ ಎಣ್ಣೆ ಒರೆಸೋದು."

"ಇದು ಎತ್ತಿನ ಗಾಡಿ ಅಲ್ಲ ಮುನಿಯಣ್ಣ" ಎಂದೆ. ಪಕ್ಕದಲ್ಲಿದ್ದ ಇಬ್ಬರು ಆಳುಗಳು ನಕ್ಕರು. ಅವನೂ ನಕ್ಕು, ಎತ್ತು ಬಿಚ್ಚಲು ಎದ್ದು ಹೋದ.

ಕೆಳಗಿನದು ಬಿಚ್ಚಿದೆ, ಎಣ್ಣೆಯೆಲ್ಲ ಇಳಿಯಿತು. ಮೇಲಿನದು ಅಲ್ಲಾಡಲಿಲ್ಲ. ಪಾನಾ ಜಾರಿ ಜಾರಿ ಅದರ ಮೂಲೆಗಳು ಪೂರ್ತಿ ಗುಂಡಗಾದವು. ಕೆಳಗಿನದನ್ನು ಮುಚ್ಚಿ, ನಾಳೆ ಕಾಯಿಸಿ ಬಿಚ್ಚೋಣ ಎಂದು ಕೈ ತೊಳೆದುಕೊಂಡೆ. ಹೊರಡುವಾಗ ಪುಟ್ಟಯ್ಯನವರು ಜಗುಲಿಯ ಮೇಲಿಂದಲೇ ಕೇಳಿದರು: "ಎಣ್ಣೆ ಎಲ್ಲಾ ಆಯ್ತೇನಪ್ಪಾ?"

ಇಲ್ಲ ಎನ್ನಬಹುದಿತ್ತು. ಒಂದು ಬಿರಡೆ ಬಿಚ್ಚಲಾಗದ ಮೇಸ್ತ್ರಿ ಎಂದುಕೊಳ್ಳುತ್ತಾರೇನೋ ಎಂದು — ಇಷ್ಟೇ ಕಾರಣ, ಬೇರೆ ಏನೂ ಇಲ್ಲ.

"ಆಯ್ತು ಸ್ವಾಮಿ" ಎಂದೆ.

ಮಾರನೇ ದಿನ ನಾನು ಶೆಡ್ಡಿಗೆ ಹೋಗುವಷ್ಟರಲ್ಲಿ ಜೀಪು ಇರಲಿಲ್ಲ. ಯಜಮಾನರು ಬೆಳಗಾಗುತ್ತಲೇ ನಮ್ಮ ಪಕ್ಕದ ಚನ್ನರಾಯಪಟ್ಟಣ ಹೋಬಳಿಯ ಕಡೆ ಹೊರಟಿದ್ದರು. ಬೂದಿಗೆರೆ ದಾಟುತ್ತಿದ್ದ ಹಾಗೆ, ಎಣ್ಣೆಯ ಹನಿಯೂ ಇಲ್ಲದ ಆ ಅಚ್ಚು ಕಿರುಚಿ ಹಿಡಿದುಕೊಂಡಿತು. ಮುಂದಿನ ಚಕ್ರಗಳು ನಿಂತವು, ಜೀಪು ಹಳ್ಳಕ್ಕೆ ಹೋಯಿತು. ಪುಟ್ಟಯ್ಯನವರ ಬಲಮೊಣಕೈ ಮುರಿಯಿತು. ಅವರನ್ನು ಆಸ್ಪತ್ರೆಗೆ ಕರೆದುಕೊಂಡು ಹೋದರು. ಜೀಪಿನ ಮುಂಭಾಗವನ್ನು ಗಾಡಿಯ ಮೇಲೆ ಎತ್ತಿ ಕಟ್ಟಿ, ಎತ್ತು ಹೂಡಿ ಶೆಡ್ಡಿಗೆ ಎಳೆದು ತಂದವನು ಯಾರು ಗೊತ್ತೇ? ನಿಮ್ಮಪ್ಪ. ಬಂದವನೇ ಎತ್ತುಗಳಿಗೆ ನೀರು ಕುಡಿಸಲು ಹೋದ. ಶೆಡ್ಡಿನಲ್ಲಿ ನಾನೊಬ್ಬನೇ ಉಳಿದೆ.

ಉಳಿ ಇಟ್ಟು ಹೊಡೆದು ಆ ಮೇಲಿನ ಬಿರಡೆಯನ್ನು ಕಿತ್ತೆ. ಒಳಗೆ ಹಲ್ಲುಗಳು ಬೆಂದು ನೀಲಿಯಾಗಿದ್ದವು. ಎಣ್ಣೆಯೇ ಇಲ್ಲದೆ ಓಡಿದ್ದು ಎಂದು ನೋಡಿದವನಿಗೆ ಯಾರೂ ವಿವರಿಸಬೇಕಾಗಿರಲಿಲ್ಲ. ಆಗ ಗೂಟದ ಮೇಲಿನ ಬಿದಿರಂಡೆ ಕಣ್ಣಿಗೆ ಬಿತ್ತು. ನಾರಾಯಣಪ್ಪ, ಭಯದಲ್ಲಿ ಕೈ ಓಡಿಬಿಟ್ಟಿತು ಎಂದು ಇಷ್ಟು ವರ್ಷ ನನಗೆ ನಾನೇ ಹೇಳಿಕೊಂಡಿದ್ದೇನೆ. ಸುಳ್ಳು. ಯೋಚಿಸಿದೆ — ಯಾರನ್ನು ಹೇಳಿದರೆ ಎಲ್ಲರೂ ನಂಬುತ್ತಾರೆ ಎಂದು ನಿಂತು ಯೋಚಿಸಿದೆ. ಆಮೇಲೆ ಅರ್ಧ ಅಂಡೆ ಕೀಲೆಣ್ಣೆಯನ್ನು ಅಚ್ಚಿನೊಳಗೆ ಸುರಿದೆ.

ಸಂಜೆ ಪುಟ್ಟಯ್ಯನವರು ಕೈಗೆ ಪಟ್ಟಿ ಕಟ್ಟಿಸಿಕೊಂಡು ಬಂದರು. ಆಳುಗಳೆಲ್ಲ ಸೇರಿದ್ದರು. ಮುಂದಿನ ಅಚ್ಚಿಗೆ ಎಣ್ಣೆ ತುಂಬುವ ಕೆಲಸವನ್ನು ಮುನಿಯಣ್ಣನಿಗೆ ಬಿಟ್ಟಿದ್ದೆ ಎಂದೆ. ತುಂಬದೆ ಉಳಿದಿದ್ದ ಎಣ್ಣೆಯ ಡಬ್ಬಿಯನ್ನೂ ತೋರಿಸಿದೆ.

"ಏನ್ಲಾ ಇದು?" ಎಂದು ಯಜಮಾನರು ನಿಮ್ಮಪ್ಪನನ್ನು ಕೇಳಿದರು.

ಅವನು ಅಚ್ಚಿನೊಳಕ್ಕೆ ಬೆರಳು ಅದ್ದಿದ. ಉಜ್ಜಿ ನೋಡಿದ, ಮೂಸಿದ. ಗೊತ್ತಿಲ್ಲ ಎಂದಿದ್ದರೆ ಉಳಿದುಕೊಳ್ಳುತ್ತಿದ್ದನೇನೋ — ಆ ಊರಲ್ಲಿ ಕೀಲೆಣ್ಣೆ ಇಲ್ಲದ ಮನೆ ಯಾವುದಿತ್ತು?

"ಎಣ್ಣೆ ನಂದೇ ಸ್ವಾಮಿ. ಬ್ಯಾರೆಯೋರು ನೆಲ್ಲುಲ್ಲು ಸುಡ್ತಾರೆ, ನಾನು ರಾಗಿಹುಲ್ಲು. ನಾನೇ ಅರೆದಿರೋದು. ಆದ್ರೆ ಇದುಕ್ಕೆ ನಾನು ಹಾಕಿಲ್ಲ."

ಮೊದಲ ಮಾತು ಮಾತ್ರ ಎಲ್ಲರ ಕಿವಿಗೂ ಬಿತ್ತು. ಮುನಿಯಣ್ಣ ನನ್ನ ಕಡೆ ನೋಡಿದ. ಸವೆದ ಬಿರಡೆಯ ಮಾತನ್ನು ಅವನು ಎತ್ತಲಿಲ್ಲ. ನನ್ನ ಬಾಯಿಂದಲೇ ಬರಲಿ ಎಂದು ಕಾದ. ನಾನು ಬಾಯಿ ಬಿಟ್ಟೆ ಕೂಡ.

"ಮೋಟರೂ ಗಾಡೀನೂ ಒಂದೇ ಅಂತ ತಿಳ್ಕೊಂಡವ್ನೆ ಸ್ವಾಮಿ, ಪಾಪ. ಬಿಟ್ಬಿಡಿ."

ಅವನ ಪರವಾಗಿ ಬೇಡಿಕೊಂಡ ದೊಡ್ಡ ಮನುಷ್ಯ ನಾನಾದೆ. ಅವನನ್ನು ಶೆಡ್ಡಿನಿಂದ ಕಳಿಸಿದರು. ಕೀಲೆಣ್ಣೆ ಮುನಿಯ ಎಂಬ ಹೆಸರು ಅಂಟಿಕೊಂಡಿತು. ಆಮೇಲೆ ಹೊಸಕೋಟೆಯಲ್ಲಿ ಯಾರೂ ಅವನಿಗೆ ಮೋಟರು ಮುಟ್ಟಲು ಬಿಡಲಿಲ್ಲ. ಕಲಿಯಬೇಕೆಂದಿದ್ದ ಮನುಷ್ಯ ಇಟ್ಟಿಗೆ ಗೂಡಿಗೆ ಮಣ್ಣು ಹೊಡೆಯುತ್ತಾ ಸತ್ತ. ರಸ್ತೆಯಲ್ಲಿ ಎದುರಾದರೆ "ಚೆನ್ನಾಗಿದೀಯಾ ಮೇಸ್ತ್ರಿ" ಎನ್ನುತ್ತಿದ್ದ. ಅಷ್ಟೇ. ಅದಕ್ಕಿಂತ ಬೈದಿದ್ದರೆ — ಹೋಗಲಿ, ಅದನ್ನು ಕೇಳುವ ಹಕ್ಕು ನನಗಿಲ್ಲ.

ಹೋದ ವಾರ ನೀನು ಮನೆಗೆ ಬಂದೆ. ಮಗ ಗ್ಯಾರೇಜು ಇಡುತ್ತಾನೆ, ಶುಕ್ರವಾರ ಪೂಜೆ, ಹಿರಿಯರು ನೀವೇ ಬಂದು ಮೊದಲ ಪಾನಾ ಹಿಡಿದುಕೊಡಬೇಕು ಎಂದೆ. ಕಾಫಿ ಕುಡಿದು ಲೋಟ ಕೆಳಗಿಟ್ಟು, ತಲೆ ಬಗ್ಗಿಸಿ ಇನ್ನೊಂದು ಮಾತು ಹೇಳಿದೆ: "ನಮ್ಮಪ್ಪ ಆವತ್ತು ತಿಳೀದೆ ಮಾಡ್ಬಿಟ್ಟ. ನಿಮ್ಮ ಹೆಸರಿಗೂ ಮಸಿ ಬಳಿದಂಗಾಯ್ತು. ಮನಸಲ್ಲಿ ಇಟ್ಕೋಬೇಡಿ ಮೇಸ್ತ್ರಿ."

ನಾನೇನು ಹೇಳಿದೆ ನೆನಪಿದೆಯಲ್ಲ? "ಇರ್ಲಿ ಬಿಡಪ್ಪ, ಹಳೇದು" ಎಂದೆ. ನಿಮ್ಮಪ್ಪನನ್ನು ನಾನು ಕ್ಷಮಿಸಿದೆ. ನಿನ್ನ ಮುಖ ಹಗುರಾದದ್ದನ್ನು ನಾನು ಕೂತು ನೋಡಿದೆ. ಕೀಲೆಣ್ಣೆ ಸುರಿದದ್ದು ದೊಡ್ಡದೋ, ಇದು ದೊಡ್ಡದೋ, ನನಗೆ ತಿಳಿಯುತ್ತಿಲ್ಲ.

ಶುಕ್ರವಾರದವರೆಗೆ ಕಾಯುವುದಿಲ್ಲ. ಈ ಕಾಗದವನ್ನು ನಾಳೆ ನಾನೇ ತಂದು ನಿನ್ನ ಕೈಗೆ ಕೊಡುತ್ತೇನೆ, ನೀನು ಓದಿ ಮುಗಿಸುವವರೆಗೆ ಎದುರಿಗೇ ನಿಂತಿರುತ್ತೇನೆ. ಪೂಜೆಯ ದಿನ ಸೇರುವ ಜನರ ಮುಂದೆ ಗಟ್ಟಿಯಾಗಿ ಓದಿಸು. ಪಾನಾ ಹಿಡಿದುಕೊಡಲು ಬೇರೆ ಯಾರನ್ನಾದರೂ ಕರೆ. ನಿನ್ನ ಮಗನಿಗೆ ಅವನ ತಾತ ಹೇಳಿದ್ದನ್ನು ಹೇಳು — ಮೇಲಿನದು ಮೊದಲು ಬಿಚ್ಚಿ ನೋಡು ಎಂದು. ಹೊಡೆಯಬೇಕೆನಿಸಿದರೆ ಹೊಡೆ, ಉಗಿಯಬೇಕೆನಿಸಿದರೆ ಉಗಿ.

ಇರಲಿ ಬಿಡಿ ಎಂದು ಮಾತ್ರ ನನಗೆ ಹೇಳಬೇಡ.